ಗ್ರಹಣ ಗೊತ್ತು, ಮೋಡ ಗೊತ್ತಿಲ್ಲ

2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡು ಜಿಲ್ಲೆಯ ಮೇಲೆ ಚಂದ್ರನ ನೆರಳು ಹಾದುಹೋಯಿತು. ಕಂಕಣ ಸೂರ್ಯಗ್ರಹಣವನ್ನು ನೋಡಲು ದೂರದೂರದಿಂದ ಜನ ಬಂದು ಚೆರುವತ್ತೂರಿನಲ್ಲಿ ನೆರೆದಿದ್ದರು. ಒಂಬತ್ತೂಕಾಲು ದಾಟಿ ಕೆಲವು ನಿಮಿಷಗಳಾದಾಗ ಸೂರ್ಯಬಿಂಬದ ಶೇ. 90ಕ್ಕೂ ಹೆಚ್ಚು ಭಾಗ ಮುಚ್ಚಿಹೋಗಿತ್ತು. ಕಾಞಂಗಾಡಿನ ಬಳಿ ಅಂಬಲತ್ತರದಲ್ಲಿ 50 ಮೆಗಾವ್ಯಾಟ್‌ನ ಸೌರ ವಿದ್ಯುತ್ ಸ್ಥಾವರ ಆ ಹೊತ್ತಿಗಾಗಲೇ ನಡೆಯುತ್ತಿತ್ತು. ಅದರ ಉತ್ಪಾದನೆ ಯಾವ ನಿಮಿಷಕ್ಕೆ ಇಳಿಯತೊಡಗುತ್ತದೆ, ಯಾವ ನಿಮಿಷಕ್ಕೆ ತಳಮುಟ್ಟುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಮೇಲೇಳುತ್ತದೆ ಎಂಬುದನ್ನೆಲ್ಲ ತಿಂಗಳುಗಳ ಮೊದಲೇ ಬರೆದಿಡಬಹುದಿತ್ತು. ಗ್ರಿಡ್ ನಡೆಸುವವರು ಇಂಥ ಲೆಕ್ಕಗಳನ್ನು ಹಾಕಿಕೊಂಡೇ ಆ ದಿನಕ್ಕೆ ಸಿದ್ಧರಾಗಿದ್ದರು. ಚಂದ್ರ ಹೇಳಿದ ಹೊತ್ತಿಗೆ ಬಂದ, ಹೇಳಿದ ಹೊತ್ತಿಗೆ ಹೋದ.

ಇದಾಗಿ ಒಂದು ವರ್ಷಕ್ಕೆ, 2020ರ ಡಿಸೆಂಬರ್ 31ರಂದು, ಅದೇ ಜಿಲ್ಲೆಯ ಬಡಗಣ ತುದಿಯ ಪೈವಳಿಕೆಯಲ್ಲಿ ಇನ್ನೊಂದು 50 ಮೆಗಾವ್ಯಾಟ್ ಸ್ಥಾವರ ಕರೆಂಟು ಕೊಡತೊಡಗಿತು. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಹರಡಿಕೊಂಡ 250 ಎಕರೆ ಜಾಗ. ಸುಮಾರು 280 ಕೋಟಿ ರೂಪಾಯಿ ವೆಚ್ಚ. ಕಟ್ಟಿದ್ದು ಟಿಎಚ್‌ಡಿಸಿ, ಅಂದರೆ ಹಿಮಾಲಯದಲ್ಲಿ ಭಾಗೀರಥಿಗೆ ಟೆಹ್ರಿ ಅಣೆಕಟ್ಟು ಕಟ್ಟಿದ ಸಂಸ್ಥೆ. 2021ರ ಫೆಬ್ರವರಿ 19ರಂದು ಪ್ರಧಾನಿ ದೂರದಿಂದಲೇ ಉದ್ಘಾಟನೆ ಮಾಡಿದರು. ಅದೇ ದಿನ, ತಮಿಳುನಾಡಿನ ಪುಗಲೂರಿನಿಂದ ತ್ರಿಶ್ಶೂರಿಗೆ 2000 ಮೆಗಾವ್ಯಾಟ್ ಸಾಗಿಸುವ ಏಕಮುಖ ವಿದ್ಯುತ್ತಿನ ಮಾರ್ಗವೂ ಉದ್ಘಾಟನೆಯಾಯಿತು.

ಈಗ ಪೈವಳಿಕೆಯ ಬಗ್ಗೆ ಒಂದು ಪ್ರಶ್ನೆ. ಜುಲೈ ತಿಂಗಳ ಒಂದು ದಿನ, ಹಗಲು ಹನ್ನೆರಡೂವರೆ. ಮಳೆ ಬಿಟ್ಟಿದೆ, ಬಿಸಿಲು ಬಿದ್ದಿದೆ, ಪಡುವಣದಲ್ಲಿ ಮೋಡ ಇದೆ. ಹನ್ನೆರಡೂಮುಕ್ಕಾಲಿಗೆ ಈ ಸ್ಥಾವರ ಎಷ್ಟು ಕರೆಂಟು ಕೊಡುತ್ತದೆ? ಸಾವಿರ ವರ್ಷ ಬಿಟ್ಟು ಬರುವ ಗ್ರಹಣವನ್ನು ಹೇಳಬಲ್ಲ ಗಣಿತಕ್ಕೆ ಈ ಕಾಲು ಗಂಟೆಯ ಮಾತು ಹೇಳಲಾಗುವುದಿಲ್ಲ. ಯಂತ್ರಕಲಿಕೆಗೆ ವಿದ್ಯುತ್ ಜಾಲದಲ್ಲಿ ಜಾಗ ಸಿಕ್ಕಿದ್ದು ಇಲ್ಲಿಯೇ. ಗಣಿತದಿಂದ ಬರುವುದನ್ನು ಯಂತ್ರಕ್ಕೆ ಕಲಿಸಬೇಕಾಗಿಲ್ಲ. ಗಣಿತ ಕೈಬಿಟ್ಟ ಕಡೆ ಹಳೆಯ ದಿನಗಳಿಂದ ಕಲಿಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗೆ ಕಲಿತ ಯಂತ್ರ ತನಗೆ ಎಷ್ಟು ಗೊತ್ತಿಲ್ಲ ಎಂಬುದನ್ನೂ ಹೇಳಿದರೆ ಮಾತ್ರ ಅದರಿಂದ ಉಪಯೋಗ. ಈ ಅಧ್ಯಾಯ ಇಷ್ಟರ ಬಗ್ಗೆಯೇ.

ಮೊದಲು, ಕಾಲು ಗಂಟೆಗೆ ಇಷ್ಟೊಂದು ಬೆಲೆ ಯಾಕೆ ಎಂದು ನೋಡೋಣ. ಗ್ರಿಡ್ ಎಂಬುದು ಗೋದಾಮಲ್ಲ. ನಾವು ಸ್ವಿಚ್ ಒತ್ತಿದ ಕ್ಷಣವೇ ಎಲ್ಲೋ ಒಂದು ಕಡೆ ಅಷ್ಟು ವಿದ್ಯುತ್ ಹುಟ್ಟಬೇಕು. ಬೇಡಿಕೆ ಹೆಚ್ಚಿ ಉತ್ಪಾದನೆ ಹಿಂದೆ ಬಿದ್ದರೆ, ಆ ಕೊರತೆಯನ್ನು ತುಂಬುವುದು ತಿರುಗುತ್ತಿರುವ ಜನರೇಟರುಗಳ ವೇಗ. ಅವು ಕೂದಲೆಳೆಯಷ್ಟು ನಿಧಾನವಾಗುತ್ತವೆ, ಇಡೀ ಜಾಲದ ಆವರ್ತನ 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ. ಭಾರತದ ಗ್ರಿಡ್ ಸಂಹಿತೆಯ ಪ್ರಕಾರ ಅದು 49.90ರಿಂದ 50.05ರ ನಡುವೆ ಇರಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಕೂಡಿಕೊಂಡಿತು. ಅಂದಿನಿಂದ ಪೈವಳಿಕೆಯ ಮನೆಯ ಫ್ಯಾನಿಗೂ ಕಾಶ್ಮೀರದ ಹೀಟರಿಗೂ ಒಂದೇ ಆವರ್ತನ. ಇದರಿಂದ ಬಲ ಬಂದಿದೆ. ಒಬ್ಬರ ತಪ್ಪು ಎಲ್ಲರಿಗೂ ತಟ್ಟುವ ಸಂಭವವೂ ಬಂದಿದೆ.

ಹಿಂದೆ ಮುನ್ಸೂಚನೆಯ ಕಷ್ಟ ಇಷ್ಟಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಾಗ ಕೊಳ್ಳುವವರು ಒಬ್ಬರೇ. ಗಣಿಯ ಯಂತ್ರಗಳು ಹಗಲಿರುಳು ತಿರುಗುತ್ತಿದ್ದವು. ಈ ತುದಿಯಲ್ಲಿ ಕಾವೇರಿಯ ನೀರು, ಆ ತುದಿಯಲ್ಲಿ ಗಣಿ. ನಾಳೆ ಎಷ್ಟು ಬೇಕು ಎಂದು ಕೇಳಿದರೆ ಇಂದಿನಷ್ಟೇ ಎಂಬ ಉತ್ತರ ಸಾಕಾಗುತ್ತಿತ್ತು. ಮುಂದೆ ಊರುಗಳಿಗೆ ದೀಪ ಬಂದಾಗ ಬೇಡಿಕೆ ಏರುಪೇರಾಗತೊಡಗಿತು. ಆಗಲೂ ಉತ್ಪಾದನೆಯ ಕಡೆಯ ಹಿಡಿತ ನಮ್ಮ ಕೈಯಲ್ಲೇ ಇತ್ತು. ಶರಾವತಿಯಲ್ಲಾಗಲಿ ಇಡುಕ್ಕಿಯಲ್ಲಾಗಲಿ ಗೇಟು ತಿರುಗಿಸಿದರೆ ನೀರು, ನೀರಿದ್ದರೆ ಕರೆಂಟು. ಸೌರಶಕ್ತಿ, ಪವನಶಕ್ತಿ ಬಂದ ಮೇಲೆ ಎರಡೂ ಕಡೆ ಅಸ್ಥಿರವಾದವು.

ಈ ಎರಡು ಕಡೆಗಳನ್ನು ಸರಿದೂಗಿಸಲು ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಮಾಡಿದ್ದಾರೆ. ಒಂದೊಂದು ತುಂಡಿಗೂ ಯಾರು ಎಷ್ಟು ಕೊಡುತ್ತಾರೆ, ಯಾರು ಎಷ್ಟು ಎಳೆದುಕೊಳ್ಳುತ್ತಾರೆ ಎಂಬ ವೇಳಾಪಟ್ಟಿ ಮುಂಚಿತವಾಗಿ ಸಿದ್ಧವಾಗಬೇಕು. ಕೇರಳದ ಮಟ್ಟಿಗೆ ಇದನ್ನು ನೋಡಿಕೊಳ್ಳುವುದು ಕಳಮಶ್ಶೇರಿಯ ಲೋಡ್ ಡಿಸ್ಪ್ಯಾಚ್ ಕೇಂದ್ರ. ಇಡೀ ದಕ್ಷಿಣಕ್ಕೆ ಬೆಂಗಳೂರಿನ ರೇಸ್‌ಕೋರ್ಸ್ ಬಳಿಯ ಪ್ರಾದೇಶಿಕ ಕೇಂದ್ರ. ಸೌರ, ಪವನ ಸ್ಥಾವರಗಳೂ ತಮ್ಮ ಅಂದಾಜು ಕೊಡಬೇಕು, ತಪ್ಪಿದರೆ ದಂಡ ತೆರಬೇಕು ಎಂದು ಕರ್ನಾಟಕದ ವಿದ್ಯುತ್ ನಿಯಂತ್ರಣ ಆಯೋಗ 2015ರ ನಿಯಮಾವಳಿಯಲ್ಲೇ ಹೇಳಿತು.

ಆ ಮೂಲ ನಿಯಮವನ್ನು ಹಿಡಿದು ಒಂದು ಲೆಕ್ಕ ಮಾಡೋಣ. ಕರ್ನಾಟಕದಲ್ಲಿ 50 ಮೆಗಾವ್ಯಾಟಿನ ಒಂದು ಸ್ಥಾವರ ಇದೆ ಎಂದುಕೊಳ್ಳಿ. ಹನ್ನೆರಡೂವರೆಯ ತುಂಡಿಗೆ 40 ಮೆಗಾವ್ಯಾಟ್ ಕೊಡುತ್ತೇವೆ ಎಂದು ಬರೆದುಕೊಟ್ಟಿತ್ತು. ಮೋಡ ಕವಿದು 12 ಮಾತ್ರ ಬಂತು. ತಪ್ಪಿದ್ದು 28, ಅಂದರೆ ಸ್ಥಾವರದ ಸಾಮರ್ಥ್ಯದ ಶೇ. 56. ಮೊದಲ ಶೇ. 15ರಷ್ಟು ತಪ್ಪಿಗೆ ಮಾಫಿ ಉಂಟು. 15ರಿಂದ 25ರವರೆಗೆ ಯೂನಿಟ್ಟಿಗೆ 50 ಪೈಸೆ, 25ರಿಂದ 35ರವರೆಗೆ ಒಂದು ರೂಪಾಯಿ, ಅದರಾಚೆಗೆ ಒಂದೂವರೆ ರೂಪಾಯಿ. ಕೂಡಿಸಿದರೆ ಆ ಹದಿನೈದು ನಿಮಿಷಕ್ಕೆ 5,800 ರೂಪಾಯಿ ಚಿಲ್ಲರೆ. ಒಂದು ಮೋಡಕ್ಕೆ ಇದು ದೊಡ್ಡ ಮೊತ್ತವೇನಲ್ಲ. ಆದರೆ ದಿನದಲ್ಲಿ ಬಿಸಿಲಿನ ತುಂಡುಗಳು ನಲವತ್ತಕ್ಕೂ ಹೆಚ್ಚು, ಮಳೆಗಾಲ ನಾಲ್ಕು ತಿಂಗಳು. ಮುನ್ಸೂಚನೆ ಹೇಳುವುದೇ ಒಂದು ಕಸುಬಾಗಿ ಬೆಳೆಯಲು ಇಷ್ಟು ಸಾಕಾಯಿತು.

ಪೈವಳಿಕೆಯ ಆಕಾಶಕ್ಕೆ ಮರಳೋಣ. ಇಲ್ಲಿ ಗಣಿತದಿಂದ ಸಿಗುವುದು ಕಡಿಮೆಯೇನಲ್ಲ. ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ 12.7 ಡಿಗ್ರಿಯಲ್ಲಿದೆ. ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ: ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದು ಹತ್ತು ದಿನಕ್ಕೆ ಒಮ್ಮೆ, ಆಗಸ್ಟಿನ ಸೋಣ ಸಂಕ್ರಮಣದ ಆಸುಪಾಸಿನಲ್ಲಿ ಇನ್ನೊಮ್ಮೆ. ಮೋಡವೇ ಇಲ್ಲದಿದ್ದರೆ ಪ್ರತಿ ನಿಮಿಷಕ್ಕೂ ಎಷ್ಟು ಬೆಳಕು ನೆಲಕ್ಕೆ ಬೀಳಬೇಕು ಎಂಬುದನ್ನು ವರ್ಷವಿಡೀ ಲೆಕ್ಕ ಹಾಕಬಹುದು. ಫಲಕದ ವಾಲು ಗೊತ್ತು. ಸಿಲಿಕಾನ್ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಉತ್ಪಾದನೆ ಕುಗ್ಗುತ್ತದೆ ಎಂಬುದೂ ಗೊತ್ತು. ಮಾರ್ಚಿನಲ್ಲಿ ಕಾದ ಮುರಕಲ್ಲಿನ ಪದವಿನ, ಅಂದರೆ ಬೋಳು ಬಯಲಿನ, ಮೇಲೆ ಇದು ಸಣ್ಣ ಮಾತಲ್ಲ.

ಹೀಗಿದ್ದೂ, ಎರಡು ನೆತ್ತಿ ಸೂರ್ಯರ ದಿನಗಳು ಒಂದೇ ಅಲ್ಲ. ಏಪ್ರಿಲ್ ಕೊನೆಯ ಸೂರ್ಯ ಸುಡುತ್ತಾನೆ. ಆಗಸ್ಟಿನ ಸೂರ್ಯ ಅಷ್ಟೇ ನೇರವಾಗಿದ್ದರೂ ಮೋಡದ ಹಿಂದೆ ಇರುತ್ತಾನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಿದು. ಆದ್ದರಿಂದ ಜಾಣ್ಮೆಯ ವಿಧಾನವೆಂದರೆ ಯಂತ್ರಕ್ಕೆ ನೇರವಾಗಿ ಮೆಗಾವ್ಯಾಟ್ ಕೇಳದಿರುವುದು. ಮೋಡವಿಲ್ಲದಿದ್ದರೆ ಬರಬೇಕಾದ ಬೆಳಕಿನಲ್ಲಿ ಎಷ್ಟು ಪಾಲು ನಿಜಕ್ಕೂ ಬರುತ್ತದೆ ಎಂಬ ಅನುಪಾತವನ್ನಷ್ಟೇ ಕೇಳಬೇಕು. ಸೂರ್ಯನ ಕೆಲಸವನ್ನು ಖಗೋಳಶಾಸ್ತ್ರಕ್ಕೆ ಬಿಟ್ಟು ಮೋಡದ ಕೆಲಸವನ್ನು ಮಾತ್ರ ಯಂತ್ರಕ್ಕೆ ವಹಿಸಿದಂತಾಯಿತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಕಲಿಯಲು ದತ್ತಾಂಶವನ್ನು ಖರ್ಚು ಮಾಡುವ ಮಾದರಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಈ ಅನುಪಾತ ಒಂದಕ್ಕಿಂತ ಹೆಚ್ಚಾಗುವುದೂ ಉಂಟು. ಬಿಳಿ ಮೋಡವೊಂದು ಸೂರ್ಯನ ಪಕ್ಕಕ್ಕೆ ಬಂದು ನಿಂತಾಗ, ಅದರ ಅಂಚಿನಿಂದ ಚದುರಿದ ಬೆಳಕು ನೇರ ಬಿಸಿಲಿನ ಜೊತೆ ಸೇರುತ್ತದೆ. ಶುಭ್ರ ಆಕಾಶದಲ್ಲೂ ಸಿಗದಷ್ಟು ಬೆಳಕು ಕೆಲವು ಕ್ಷಣ ಫಲಕದ ಮೇಲೆ ಬೀಳುತ್ತದೆ. ಮರುಕ್ಷಣ ಅದೇ ಮೋಡ ಸೂರ್ಯನನ್ನು ಮುಚ್ಚುತ್ತದೆ. ಏರಿಕೆಯ ಬೆನ್ನಿಗೇ ಇಳಿತ. ಮಳೆ ಬಿಟ್ಟ ಜುಲೈ ಮಧ್ಯಾಹ್ನದ ಉತ್ಪಾದನೆಯ ಗೆರೆ ಗರಗಸದ ಹಲ್ಲಿನಂತೆ ಕಾಣುವುದು ಇದರಿಂದ.

ಯಂತ್ರ ಕಲಿಯುವುದು ಎಂದರೇನು? ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನವನ್ನು ಮಾತ್ರ ಹತ್ತಿರದಿಂದ ನೋಡೋಣ. ಅದರ ಹೆಸರು ನಿರ್ಧಾರ ವೃಕ್ಷ. ಹಳೆಯ ದಿನಗಳ ದಾಖಲೆಯನ್ನು ಮುಂದಿಟ್ಟುಕೊಂಡು ಅದು ಪ್ರಶ್ನೆ ಕೇಳುತ್ತ ಹೋಗುತ್ತದೆ. ಕಳೆದ ಕಾಲು ಗಂಟೆಯಲ್ಲಿ ಬೆಳಕು ಅರ್ಧಕ್ಕಿಂತ ಕೆಳಗಿತ್ತೇ? ಹೌದಾದರೆ ಎಡಕ್ಕೆ, ಅಲ್ಲವಾದರೆ ಬಲಕ್ಕೆ. ಉಪಗ್ರಹದ ಚಿತ್ರದಲ್ಲಿ ಪಡುವಣ ಕಡೆ ಮೋಡ ಇತ್ತೇ? ಗಾಳಿಯ ತೇವ ಶೇ. 85 ದಾಟಿತ್ತೇ? ಹೀಗೆ ಸೀಳುತ್ತ ಸೀಳುತ್ತ, ಕೊನೆಯ ಕೊಂಬೆಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಹತ್ತಿಪ್ಪತ್ತು ದಿನಗಳು ಉಳಿಯುತ್ತವೆ. ಆ ದಿನಗಳಲ್ಲಿ ಮುಂದಿನ ಕಾಲು ಗಂಟೆ ಏನಾಗಿತ್ತೋ ಅದರ ಸರಾಸರಿಯೇ ಇಂದಿನ ಮುನ್ಸೂಚನೆ. ಯಾವ ಪ್ರಶ್ನೆ, ಯಾವ ಅಂಕಿಯಲ್ಲಿ ಸೀಳಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ತಪ್ಪು ಎಲ್ಲಿ ಅತ್ಯಂತ ಕಡಿಮೆಯಾಗುತ್ತದೆ ಎಂದು ಸಾವಿರಾರು ಸೀಳುಗಳನ್ನು ಪರೀಕ್ಷಿಸಿ ಯಂತ್ರವೇ ಆರಿಸಿಕೊಳ್ಳುತ್ತದೆ. ಒಂದು ಮರ ಸಾಲದು. ಮೊದಲ ಮರ ಮಾಡಿದ ತಪ್ಪನ್ನು ಎರಡನೆಯದು ಕಲಿಯುತ್ತದೆ, ಎರಡೂ ಸೇರಿ ಮಾಡಿದ ತಪ್ಪನ್ನು ಮೂರನೆಯದು. ಇಂಥ ನೂರಾರು ಕಿರಿಯ ಮರಗಳ ಮೊತ್ತ ನರಜಾಲವೆಂಬ ಬೇರೆ ಬಗೆಯ ದೊಡ್ಡ ದೊಡ್ಡ ಮಾದರಿಗಳಿಗೂ ಸರಿಸಾಟಿಯಾಗಿ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದ ಮಾದರಿಯನ್ನು ಯಾವುದರ ಜೊತೆ ಹೋಲಿಸಬೇಕು? ಈಗಿದ್ದಂತೆಯೇ ಮುಂದೆಯೂ ಇರುತ್ತದೆ ಎಂಬ ಸೋಮಾರಿ ಮುನ್ಸೂಚನೆಯ ಜೊತೆ. ಜನವರಿಯ ನಿರ್ಮಲ ಆಕಾಶದಲ್ಲಿ ಅದನ್ನು ಸೋಲಿಸುವುದು ಬಹಳ ಕಷ್ಟ. ಆದುದರಿಂದ ಯಾರಾದರೂ ತಮ್ಮ ಮಾದರಿ ಶೇ. 95ರಷ್ಟು ಸರಿ ಎಂದರೆ ಯಾವ ತಿಂಗಳಲ್ಲಿ ಎಂದು ಕೇಳಬೇಕು. ಇನ್ನೂ ಒಂದು ಜಾಗ್ರತೆ ಬೇಕು: ಪರೀಕ್ಷೆಯ ದಿನಗಳು ಕಲಿಕೆಯ ದಿನಗಳಿಗಿಂತ ಕಾಲದಲ್ಲಿ ಮುಂದಿರಬೇಕು. ಸೋಮವಾರ, ಬುಧವಾರಗಳನ್ನು ಕಲಿಸಿ ನಡುವಿನ ಮಂಗಳವಾರವನ್ನು ಕೇಳಿದರೆ ಯಂತ್ರ ಸಲೀಸಾಗಿ ಉತ್ತರ ಹೇಳುತ್ತದೆ. ನಿಜದ ಕಂಟ್ರೋಲ್ ರೂಮಿನಲ್ಲಿ ಬುಧವಾರ ಇನ್ನೂ ಬಂದಿರುವುದಿಲ್ಲ.

ಮೋಡ ಯಾವ ಕಡೆಯಿಂದ ಬರುತ್ತದೆ? ಭೂಮಧ್ಯರೇಖೆಯ ಮೇಲೆ 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಇನ್ಸಾಟ್-3ಡಿ ಸರಣಿಯ ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸುತ್ತವೆ. ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಮೋಡ ಸರಿದ ದಿಕ್ಕು, ವೇಗ ಅಳೆದು, ಹಾಗೆಯೇ ಮುಂದಕ್ಕೆ ತಳ್ಳಿದರೆ ಒಂದೆರಡು ಗಂಟೆಯ ಮುನ್ಸೂಚನೆ ಸಿಗುತ್ತದೆ. ಜೂನ್‌ನಿಂದ ಅರಬ್ಬಿ ಕಡಲಿನ ಮೇಲೆ ಪಟ್ಟೆಪಟ್ಟೆಯಾಗಿ ಬರುವ ಮೋಡಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಏಪ್ರಿಲ್, ಮೇ ತಿಂಗಳ ಕಥೆ ಬೇರೆ. ಆಗಿನ ಮೋಡ ಎಲ್ಲಿಂದಲೋ ಸರಿದು ಬರುವುದಿಲ್ಲ. ಮಧ್ಯಾಹ್ನದ ಕಾವಿಗೆ ಘಟ್ಟದ ತಲೆಯ ಮೇಲೆ ಹುಟ್ಟಿ, ಸಂಜೆಗೆ ಗುಡುಗುತ್ತ ಮೂಡಣದಿಂದ ಇಳಿಯುತ್ತದೆ. ಎರಡು ಗಂಟೆ ಮೊದಲಿನ ಚಿತ್ರದಲ್ಲಿ ಅದು ಇರುವುದೇ ಇಲ್ಲ. ಇಲ್ಲದ ಮೋಡವನ್ನು ಮುಂದಕ್ಕೆ ತಳ್ಳುವುದು ಹೇಗೆ? ಇಲ್ಲಿ ವಾಯುಮಂಡಲದ ಭೌತಶಾಸ್ತ್ರದ ದೊಡ್ಡ ಮಾದರಿಗಳೂ ಹಳೆಯ ಏಪ್ರಿಲ್‌ಗಳ ನೆನಪೂ ಎರಡೂ ಬೇಕು. ಜುಲೈಯಿಂದ ಕಲಿತ ಯಂತ್ರ ಮೇ ತಿಂಗಳಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತಿರುತ್ತದೆ, ಮಳೆ ಬೆನ್ನ ಹಿಂದಿನಿಂದ ಬರುತ್ತದೆ.

ಜಾಗದ ವಿಸ್ತಾರವೂ ಮುಖ್ಯ. 250 ಎಕರೆಯೆಂದರೆ ಒಂದು ಚದರ ಕಿಲೋಮೀಟರ್. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಸಾಗುವ ಮೋಡದ ನೆರಳು ಒಂದು ಕಿಲೋಮೀಟರನ್ನು ನೂರು ಸೆಕೆಂಡಿನಲ್ಲಿ ದಾಟುತ್ತದೆ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕು 13 ಸಾವಿರ ಎಕರೆ, 2050 ಮೆಗಾವ್ಯಾಟ್. ಅಷ್ಟನ್ನೂ ಒಂದು ಚೌಕವೆಂದುಕೊಂಡರೆ ಅದೇ ನೆರಳಿಗೆ ಹನ್ನೆರಡು ನಿಮಿಷ ಬೇಕು. ಒಂದು ತುದಿ ಕಪ್ಪಾದಾಗ ಇನ್ನೊಂದು ತುದಿ ಬೆಳಗುತ್ತಿರುತ್ತದೆ. ಪಾವಗಡದ ಗೆರೆ ಅಷ್ಟರಮಟ್ಟಿಗೆ ನುಣುಪು. ಮಾತ್ರವಲ್ಲ, ಅದು ಮಳೆ ಕಡಿಮೆಯ ಬಯಲು. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ತಂದು ಹಾಗೆಯೇ ಅಂಟಿಸಲಾಗದು. ಪೈವಳಿಕೆಯ ಆಕಾಶವನ್ನು ಪೈವಳಿಕೆಯಲ್ಲೇ ಅಳೆಯಬೇಕು.

ಪೈವಳಿಕೆಯ ಫಲಕಗಳು ಕೂತ ಈ ಪದವುಗಳ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮರಗಿಡವಿಲ್ಲದ ಮುರಕಲ್ಲಿನ ಹಾಸನ್ನು ಪಾಳು ಎಂದು ಬರೆಯುವುದು ಕಡತಗಳಿಗೆ ಸುಲಭ. ಆದರೆ ಮಳೆನೀರು ಇಂಗುವುದು ಇದೇ ಹಾಸಿನಲ್ಲಿ. ಬಾಯಾರಿನಂಥ ಊರುಗಳಲ್ಲಿ ಗುಡ್ಡದ ಮಗ್ಗುಲಿಗೆ ಅಡ್ಡಡ್ಡ ಕೊರೆದ ಸುರಂಗಗಳಿಂದ ಬೇಸಗೆಯಲ್ಲೂ ತೋಟಕ್ಕೆ ಹರಿದು ಬರುವ ನೀರು ಹೀಗೆ ಇಂಗಿದ್ದೇ. ಸೌರಶಕ್ತಿ ನಮಗೆ ಬೇಕು. ಫಲಕ ಹಾಸುವ ಮೊದಲು ನೀರಿನ ಲೆಕ್ಕವೂ ಆಗಬೇಕು.

ಇನ್ನು ಬೇಡಿಕೆ, ಅಂದರೆ ಲೋಡು. ಇಲ್ಲಿ ಮೋಡದ ಬದಲು ಮನುಷ್ಯರು. ನರಜಾಲಕ್ಕೆ ಲೋಡಿನ ಮುನ್ಸೂಚನೆ ಕಲಿಸಬಹುದು ಎಂದು ತೋರಿಸಿದ ಮೊದಲ ಹೆಸರುವಾಸಿ ಪ್ರಬಂಧ 1991ರದ್ದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸಿಯಾಟಲ್ ಪ್ರದೇಶದ ಉಷ್ಣಾಂಶವನ್ನೂ ಹಿಂದಿನ ಲೋಡನ್ನೂ ಉಣಿಸಿ ಮುಂದಿನ ಗಂಟೆಗಳದ್ದನ್ನು ಹೇಳಿಸಿದರು. ಅಲ್ಲಿ ಚಳಿ ಹೆಚ್ಚಾದರೆ ಹೀಟರು, ಲೋಡು ಮೇಲೆ. ನಮ್ಮ ಕಡೆಯ ಲೋಡಿನ ಕೀಲಿ ಬೇರೆಡೆ ಇದೆ. ಡಿಸೆಂಬರಿನಿಂದ ಮಳೆ ಬೀಳುವವರೆಗೆ ಅಡಿಕೆ ತೋಟಗಳಿಗೆ ನೀರು ಬಿಡಬೇಕು, ಪಂಪುಗಳು ಓಡಬೇಕು. ನೆಲ ಒಣಗಿದಷ್ಟೂ ಪಂಪು ಹೆಚ್ಚು ಹೊತ್ತು. ಏಪ್ರಿಲಿನ ಒಂದು ಸಂಜೆ ಜಡಿಮಳೆ ಬಿತ್ತೆನ್ನಿ. ಮರುದಿನ ಇಡೀ ಸೀಮೆಯ ಪಂಪುಗಳು ಒಟ್ಟಿಗೆ ಸುಮ್ಮನಾಗುತ್ತವೆ, ಎಸಿಗಳು ಅರ್ಧಕ್ಕರ್ಧ ಇಳಿಯುತ್ತವೆ. ಅದೇ ಮಳೆಯ ಗಾಳಿಗೆ ಮರ ಬಿದ್ದು ಲೈನು ಕಡಿದಿದ್ದರೆ ಆ ಊರುಗಳ ಲೋಡು ಸೊನ್ನೆ. ಯಂತ್ರದ ದಾಖಲೆಯಲ್ಲಿ ಈ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ. ಜನರಿಗೆ ಕರೆಂಟು ಬೇಕಿರಲಿಲ್ಲವೋ, ಬೇಕಿದ್ದರೂ ಸಿಗಲಿಲ್ಲವೋ ಎಂಬುದನ್ನು ಲೈನ್‌ಮ್ಯಾನ್ ಬರೆದ ಪುಸ್ತಕ ಮಾತ್ರ ಹೇಳೀತು. ಆ ಪುಸ್ತಕವನ್ನು ಸೇರಿಸದ ಮಾದರಿ ಕತ್ತಲಲ್ಲಿ ಕೂತವರನ್ನು ಕರೆಂಟು ಬೇಡದವರೆಂದು ಕಲಿಯುತ್ತದೆ. ಇದು ಲೆಕ್ಕದ ತಪ್ಪು, ಅನ್ಯಾಯವೂ ಹೌದು: ಹೆಚ್ಚು ಕರೆಂಟು ಹೋಗುವ ಊರಿಗೆ ಬೇಡಿಕೆ ಕಡಿಮೆ ಎಂದು ಯಂತ್ರವೇ ಸಾಕ್ಷಿ ಹೇಳಿದಂತಾಗುತ್ತದೆ.

ಪಂಚಾಂಗವೂ ಬೇಕು. ಬಿಸು ಪ್ರತಿ ವರ್ಷ ಏಪ್ರಿಲ್ ನಡುವಿಗೇ ಬರುತ್ತದೆ. ತಾರೀಖು ಕೊಟ್ಟರೆ ಯಂತ್ರ ತಾನೇ ಕಂಡುಕೊಳ್ಳುತ್ತದೆ. ರಂಜಾನ್ ವರ್ಷ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಆ ತಿಂಗಳು ನಸುಕಿಗೂ ಮೊದಲೇ ಮನೆಗಳಲ್ಲಿ ದೀಪ ಹತ್ತುತ್ತದೆ, ಅಡುಗೆಯಾಗುತ್ತದೆ, ಲೋಡಿನ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಏಳುತ್ತದೆ. ಇದನ್ನು ಬೇರೆಯೇ ಒಂದು ಕಂಬಸಾಲಿನಲ್ಲಿ ಬರೆದುಕೊಡದಿದ್ದರೆ ಯಂತ್ರಕ್ಕೆ ಅದು ಕಾರಣವಿಲ್ಲದ ಏರಿಳಿತವಾಗಿ ಕಾಣುತ್ತದೆ. ಮಂಜೇಶ್ವರ ಸೀಮೆಯ ಜನಜೀವನ ಗೊತ್ತಿದ್ದವರು ಒಂದೇ ಮಾತಿನಲ್ಲಿ ಹೇಳಬಹುದಾದದ್ದನ್ನು, ಗೊತ್ತಿಲ್ಲದವರ ಮಾದರಿ ಹತ್ತು ವರ್ಷದ ದತ್ತಾಂಶ ನುಂಗಿಯೂ ಅರಿಯದೆ ಹೋಗಬಹುದು.

ಮೇಲಾಗಿ ಈಗ ಸೌರಫಲಕ ಹೊತ್ತು ಮನೆಯ ಮಾಡುಗಳೇ ಸ್ಥಾವರಗಳಾಗುತ್ತಿವೆ. ಸಬ್‌ಸ್ಟೇಶನ್ನಿನಲ್ಲಿ ಕೂತು ನೋಡುವವರಿಗೆ ಮಾಡಿನ ಮೇಲಿನ ಉತ್ಪಾದನೆ ಕಾಣುವುದಿಲ್ಲ. ಹಗಲು ಲೋಡು ಕಡಿಮೆಯಾದದ್ದು ಮಾತ್ರ ಕಾಣುತ್ತದೆ. ಮೋಡ ಕವಿದಾಗ ಪೈವಳಿಕೆಯ ಸ್ಥಾವರ ಕುಗ್ಗುತ್ತದೆ, ಅದೇ ಹೊತ್ತಿಗೆ ಸುತ್ತಲ ಮನೆಗಳು ಗ್ರಿಡ್ಡಿನಿಂದ ಹೆಚ್ಚು ಎಳೆಯತೊಡಗುತ್ತವೆ. ಒಂದು ಮೋಡ, ಎರಡು ಪೆಟ್ಟು. ಐವತ್ತು ಮೆಗಾವ್ಯಾಟಿನ ತಪ್ಪು ಒಂದೇ ಆಗಿದ್ದರೆ ಕೇರಳದ ಗ್ರಿಡ್ಡಿಗೆ ಅದು ಲೆಕ್ಕಕ್ಕಿಲ್ಲ. 2024ರ ಮೇ ತಿಂಗಳ ಸೆಕೆಯಲ್ಲಿ ರಾಜ್ಯದ ಬೇಡಿಕೆ 5,800 ಮೆಗಾವ್ಯಾಟ್ ಸನಿಹಕ್ಕೆ ಏರಿತ್ತು. ಅದೂ ರಾತ್ರಿ, ಜನ ಮಲಗುವ ಹೊತ್ತಿಗೆ. ಕರ್ನಾಟಕದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಪಾವಗಡದಂಥ ಕಡೆ ಬಿಸಿಲಿದ್ದಾಗಲೇ ನೀರಾವರಿ ಪಂಪುಗಳಿಗೆ ಕರೆಂಟು ಕೊಡುವಂತೆ ಫೀಡರುಗಳ ವೇಳೆಯನ್ನು ಹಗಲಿಗೆ ತಂದುದರಿಂದ ಗರಿಷ್ಠ ಬೇಡಿಕೆ ಹಗಲಿಗೇ ಬಂದಿದೆ. ಗಡಿಯ ಎರಡು ಬದಿಯಲ್ಲಿ ಒಂದೇ ಮಳೆ, ಒಂದೇ ತೋಟ, ಆದರೆ ಎರಡು ಬೇರೆ ಗೆರೆಗಳು.

ಯಂತ್ರ ಪೂರ್ತಿ ಸೋತ ಒಂದು ರಾತ್ರಿಯನ್ನು ಎಲ್ಲರೂ ಕಂಡಿದ್ದೇವೆ. 2020ರ ಏಪ್ರಿಲ್ 5. ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸುವಂತೆ ಎರಡು ದಿನ ಮೊದಲು ಪ್ರಧಾನಿ ಕರೆ ಕೊಟ್ಟಿದ್ದರು. ಇಂಥ ರಾತ್ರಿ ಯಾವ ದಾಖಲೆಯಲ್ಲೂ ಇರಲಿಲ್ಲ, ಕಲಿಯಲು ಏನೂ ಇರಲಿಲ್ಲ. ಮನೆಗಳ ದೀಪದ ಲೆಕ್ಕ ಹಾಕಿ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದೆಂದು ಗ್ರಿಡ್ ನಿರ್ವಾಹಕರು ಅಂದಾಜಿಸಿದರು. ಇಳಿದದ್ದು 31,089. ಅಂದಾಜಿನ ಎರಡು ಪಟ್ಟಿಗೂ ಹೆಚ್ಚು. ಆದರೂ ಜಾಲ ನಿಂತಿತು, ಆವರ್ತನ 49.70ರಿಂದ 50.26ರ ನಡುವೆ ಓಲಾಡಿ ಸರಿಹೋಯಿತು. ಕಾರಣ, ಅವರು ತಮ್ಮ ಅಂದಾಜನ್ನು ಪೂರ್ತಿ ನಂಬಿ ಕೂತಿರಲಿಲ್ಲ. ತಕ್ಷಣ ಏರಿಸಿ ಇಳಿಸಬಲ್ಲ ಜಲವಿದ್ಯುತ್ ಯಂತ್ರಗಳನ್ನು ಮುಂಚಿತವಾಗಿ ಪೂರ್ತಿ ಓಡಿಸಿಟ್ಟುಕೊಂಡಿದ್ದರು. ದೀಪಗಳು ಆರುತ್ತ ಹೋದಂತೆ ಅವುಗಳಲ್ಲಿ 17 ಸಾವಿರ ಮೆಗಾವ್ಯಾಟಿಗೂ ಹೆಚ್ಚನ್ನು ಇಳಿಸಿದರು, ದೀಪಗಳು ಹತ್ತಿದಂತೆ ಮತ್ತೆ ಏರಿಸಿದರು. ಮುನ್ಸೂಚನೆ ತಪ್ಪಿತು, ನಿರ್ವಹಣೆ ತಪ್ಪಲಿಲ್ಲ.

ಅಂದಾಜು ತಪ್ಪಿದರೆ ಏನು ಮಾಡುವುದು ಎಂಬ ಆ ಸಿದ್ಧತೆಯನ್ನು ಈಗ ಮುನ್ಸೂಚನೆಯ ಒಳಕ್ಕೇ ತರುತ್ತಿದ್ದಾರೆ. 28 ಮೆಗಾವ್ಯಾಟ್ ಬರುತ್ತದೆ ಎಂದು ಒಂದು ಅಂಕಿ ಹೇಳುವ ಬದಲು, ಹತ್ತರಲ್ಲಿ ಎಂಟು ಸಲ 15ರಿಂದ 36ರ ನಡುವೆ ಬರುತ್ತದೆ ಎಂದು ಹೇಳುವುದು. ಜನವರಿಯಲ್ಲಿ ಈ ಅಂತರ ಕಿರಿದಾಗುತ್ತದೆ, ಜುಲೈಯಲ್ಲಿ ಹಿಗ್ಗುತ್ತದೆ. ಎಷ್ಟು ಜಲವಿದ್ಯುತ್ ಮೀಸಲಿಡಬೇಕು ಎಂಬುದನ್ನು ಆ ಅಗಲವೇ ಹೇಳುತ್ತದೆ. 2014ರಲ್ಲಿ ನಡೆದ ಜಾಗತಿಕ ಶಕ್ತಿ ಮುನ್ಸೂಚನೆ ಸ್ಪರ್ಧೆಯಲ್ಲಿ ಒಂದು ಅಂಕಿಯ ಉತ್ತರ ಕೇಳುವುದನ್ನು ಬಿಟ್ಟು ಸಂಭಾವ್ಯತೆಯನ್ನೇ ಕೇಳಿದ್ದರು. ನಮ್ಮಲ್ಲೂ ಬೆಂಗಳೂರು ಸೇರಿದಂತೆ ಹಲವೆಡೆ ಡಿಸ್ಪ್ಯಾಚ್ ಕೇಂದ್ರಗಳ ಜೊತೆ ನವೀಕರಿಸಬಹುದಾದ ಶಕ್ತಿಗೆಂದೇ ನಿರ್ವಹಣಾ ಕೇಂದ್ರಗಳು ಬಂದಿವೆ.

ಕಾಸರಗೋಡಿನಲ್ಲಿ ಇಂಥ ಸಂಭಾವ್ಯತೆಯ ಮುನ್ಸೂಚನೆಯ ಪರೀಕ್ಷೆ ಬ್ಯಾಟರಿಯ ರೂಪದಲ್ಲಿ ಬರಲಿದೆ. ಮೈಲಾಟ್ಟಿಯ ಸಬ್‌ಸ್ಟೇಶನ್ನಿಗೆ 125 ಮೆಗಾವ್ಯಾಟನ್ನು ನಾಲ್ಕು ಗಂಟೆ ಕೊಡಬಲ್ಲ ಬ್ಯಾಟರಿ ಘಟಕದ ಯೋಜನೆಯಾಗಿದೆ; ಮುಳ್ಳೇರಿಯಕ್ಕೂ 15 ಮೆಗಾವ್ಯಾಟಿನದ್ದು ಪಟ್ಟಿಯಲ್ಲಿದೆ. ಹಗಲಿನ ಬಿಸಿಲನ್ನು ರಾತ್ರಿಗೆ ಒಯ್ಯುವುದು ಇದರ ಕೆಲಸ. ರಾತ್ರಿ ಎಂದರೆ ಎಷ್ಟು ಹೊತ್ತಿಗೆ?

ಏಪ್ರಿಲಿನ ಒಂದು ಸಂಜೆ ಏಳು ಗಂಟೆ ಎನ್ನಿ. ಘಟ್ಟದ ಕಡೆ ಮಿಂಚುತ್ತಿದೆ. ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ವಿದ್ಯುತ್ ಮಾರುಕಟ್ಟೆಯಲ್ಲಿ ಈಗಿನ ದರ ಯೂನಿಟ್ಟಿಗೆ ಆರು ರೂಪಾಯಿ ಇದೆ ಎಂದುಕೊಳ್ಳೋಣ. ಬ್ಯಾಟರಿಯಲ್ಲಿರುವ ಯೂನಿಟ್ಟನ್ನು ಈಗಲೇ ಬಳಸಿದರೆ ಆರು ರೂಪಾಯಿ ಉಳಿತಾಯ. ಹತ್ತೂವರೆಯವರೆಗೆ ಕಾದರೆ? ಮಳೆ ಬಾರದಿದ್ದರೆ ಸೆಕೆಯ ರಾತ್ರಿ, ದರ ಗರಿಷ್ಠ ಮಿತಿಯಾದ ಹತ್ತು ರೂಪಾಯಿಗೆ ಮುಟ್ಟಬಹುದು. ಮಳೆ ಬಂದರೆ ಎಸಿಗಳು ಆರಿ ಮೂರಕ್ಕೆ ಇಳಿಯಬಹುದು. ಮಳೆ ಬರುತ್ತದೆ ಅಥವಾ ಬರುವುದಿಲ್ಲ ಎಂದಷ್ಟೇ ಹೇಳುವ ಯಂತ್ರದಿಂದ ಇಲ್ಲಿ ಪ್ರಯೋಜನವಿಲ್ಲ. ಮಳೆಯ ಸಂಭವ ಶೇ. 40 ಎಂದು ಹೇಳಿದರೆ ಕಾಯುವುದರ ಬೆಲೆ ಸರಾಸರಿ ಏಳು ರೂಪಾಯಿ ಇಪ್ಪತ್ತು ಪೈಸೆ, ಕಾಯಬೇಕು. ಶೇ. 70 ಎಂದರೆ ಐದು ರೂಪಾಯಿ ಹತ್ತು ಪೈಸೆ, ಈಗಲೇ ಬಳಸಬೇಕು. ತಿರುವು ಇರುವುದು ಶೇ. 57ರಲ್ಲಿ.

ಯಂತ್ರ ಶೇ. 57 ಎಂದರೆ ಅದನ್ನು ನಂಬುವುದು ಹೇಗೆ? ಅದು 57 ಎಂದ ದಿನಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ಎಣಿಸಬೇಕು. ನೂರರಲ್ಲಿ ಹೆಚ್ಚುಕಡಿಮೆ 57 ದಿನ ಮಳೆ ಬಂದಿರಬೇಕು. ಎಂಬತ್ತು ದಿನ ಬಂದಿದ್ದರೆ ಯಂತ್ರ ಅಂಜುಬುರುಕ, ಮೂವತ್ತು ದಿನ ಬಂದಿದ್ದರೆ ದುಡುಕಿನದು, ಎರಡನ್ನೂ ತಿದ್ದಬಹುದು. ಅದಕ್ಕೆ ಬೇಕಾದದ್ದು ಈ ಊರುಗಳದ್ದೇ ದಾಖಲೆ: ಪೈವಳಿಕೆಯ ಪದವಿನ ಮೇಲೆ ನಿಮಿಷ ನಿಮಿಷಕ್ಕೆ ಬಿದ್ದ ಬೆಳಕು, ಪ್ರತಿ ಕಾಲು ಗಂಟೆಯ ಉತ್ಪಾದನೆ, ಪ್ರತಿ ಫೀಡರಿನ ಲೋಡು, ಲೈನು ಕಡಿದ ವೇಳೆ. ಸಾರ್ವಜನಿಕ ಹಣದಿಂದ ಕಟ್ಟಿದ ಸ್ಥಾವರದ ಈ ಅಂಕಿಗಳು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಸುರತ್ಕಲ್ಲಿನ ಎನ್‌ಐಟಿಕೆಯ ವಿದ್ಯಾರ್ಥಿಗೂ ಕೇಳದೆಯೇ ಸಿಗುವಂತಿರಬೇಕು. ಏಪ್ರಿಲ್ ವರ್ಷಕ್ಕೆ ಒಂದೇ ಸಲ ಬರುತ್ತದೆ, ಅದರಲ್ಲಿ ಮೂವತ್ತೇ ಸಂಜೆಗಳು. ಎಣಿಕೆಗೆ ತಕ್ಕಷ್ಟು ಸಂಜೆಗಳು ಕೂಡಿಬರಲು ವರ್ಷಗಳೇ ಬೇಕಾಗುವುದರಿಂದ, ಬ್ಯಾಟರಿ ಬಂದು ಕೂರುವ ಮೊದಲೇ ಬರೆದಿಡಲು ತೊಡಗಬೇಕು.